ನೀರು ಬಂದ ದಾರಿ

ಉಳವಿ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಉತ್ತರ ಕನ್ನಡದ ಕಾಡಿನ ನಡುವೆ ಇರುವ ಚೆನ್ನಬಸವಣ್ಣನವರ ಕ್ಷೇತ್ರ. ನಾನು ಈಗ ಹೇಳಹೊರಟಿರುವ ಉಳವಿ ಅದಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಒಂದು ಹೋಬಳಿಯ ಊರು. ಗದ್ದೆ, ಕೆರೆ, ಅಡಿಕೆಯ ತೋಟ, ಅವುಗಳ ನಡುವೆ ಹಂಚಿನ ಮನೆಗಳು. ಪಡುವಲಿನಿಂದ ಘಟ್ಟದ ಮಳೆ ಬರುತ್ತದೆ, ಮೂಡಲಿನಲ್ಲಿ ಶಿಕಾರಿಪುರದ ಬಯಲು ತೆರೆದುಕೊಳ್ಳುತ್ತದೆ. ಇಂತಹ ಊರಿನಲ್ಲಿ ಹುಟ್ಟಿದವನಿಗೆ ಮಳೆಯ ಸದ್ದು ಜೋಗುಳವಿದ್ದಂತೆ. ಆದರೆ ಆ ಸದ್ದಿನ ನಡುವೆ ಮನೆಯ ಒಳಗಿನಿಂದಲೇ ‘ಟಪ್’ ಎಂಬ ಇನ್ನೊಂದು ಸದ್ದು ಕೇಳಿಸಿತೆಂದರೆ ನಿದ್ರೆ ಹಾರಿಹೋಗುತ್ತದೆ. ಆ ಎರಡನೆಯ ಸದ್ದನ್ನು ಕುರಿತು ಇಂದು ನಾಲ್ಕು ಮಾತು.

ಕೇಳುಗರೆ, ನಾನು ಕನ್ನಡ ಮೇಷ್ಟರು. ಬಡಗಿಯಲ್ಲ, ಎಂಜಿನಿಯರನೂ ಅಲ್ಲ. ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ಕುರಿತು ಹಾಡಿದ ತತ್ತ್ವಪದವನ್ನು ತರಗತಿಯಲ್ಲಿ ಬಹುಕಾಲ ಪಾಠ ಹೇಳಿದವನು. ಆ ಮಾಳಿಗೆಯ ಸಂಕೇತಾರ್ಥವನ್ನು ಬಿಡಿಸಿದ್ದೇ ಬಿಡಿಸಿದ್ದು. ಉಳವಿಯಲ್ಲಿದ್ದ ನನ್ನ ಮನೆಯ ಮಾಡನ್ನು ಮಾತ್ರ ತಲೆಯೆತ್ತಿ ನೋಡಿರಲಿಲ್ಲ. ನೋಡುವಂತೆ ಮಾಡಿದ್ದು 2019ರ ಆಗಸ್ಟ್ ತಿಂಗಳು. ನಾಡಿನ ಹಲವು ಜಿಲ್ಲೆಗಳಲ್ಲಿ ನೆರೆ ಉಕ್ಕಿದ ಆ ಆಶ್ಲೇಷಾ ಮಳೆಯ ದಿನಗಳಲ್ಲಿ ನಮ್ಮ ನಡುಮನೆಯ ಅಟ್ಟ ತೊಯ್ದುಹೋಯಿತು.

ಅಟ್ಟದ ಮೇಲೊಂದು ಮರದ ಪೆಟ್ಟಿಗೆ. ಅದರಲ್ಲಿ ನಮ್ಮ ಹಿರಿಯರ ಒಂದು ಕಡತ. ಕಡತವೆಂದರೆ ಈಗಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಕಪ್ಪನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬಿಳಿಯ ಅಕ್ಷರಗಳಲ್ಲಿ ಬರೆಯುತ್ತಿದ್ದ ಹಳೆಯ ಕಾಲದ ಪುಸ್ತಕ. ಮನೆಮದ್ದು, ಬಿತ್ತನೆಯ ಲೆಕ್ಕ, ಅಲ್ಲಲ್ಲಿ ಒಂದೊಂದು ಹಾಡು ಅದರಲ್ಲಿದ್ದುವು. ಬಳಪದ ಬರಹಕ್ಕೆ ನೀರು ತಗುಲಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ನಾನು ಪೆಟ್ಟಿಗೆಯನ್ನು ತೆರೆಯುವ ಹೊತ್ತಿಗೆ ನಾಲ್ಕು ಮಡಿಕೆಗಳು ಬರಿಯ ಕಪ್ಪು ಬಟ್ಟೆಯಾಗಿದ್ದುವು. ಹಸ್ತಪ್ರತಿಗಳನ್ನು ಪ್ರತಿಮಾಡಿಡಬೇಕೆಂದು ವಿದ್ಯಾರ್ಥಿಗಳಿಗೆ ಉಪದೇಶಿಸಿದವನು ತನ್ನ ಮನೆಯ ಕಡತವನ್ನು ‘ನಿವೃತ್ತನಾದ ಮೇಲೆ ನೋಡೋಣ’ ಎಂದು ಇಟ್ಟಿದ್ದೆ.

ಇಷ್ಟೇ ಆಗಿದ್ದರೆ ಅಲಕ್ಷ್ಯವೆಂದು ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ ಮಾಡು ಅದಕ್ಕೆ ಮೂರು ವರ್ಷ ಮೊದಲೇ ಸೋರತೊಡಗಿತ್ತು, ನಾನು ಅದನ್ನು ಮೂರು ಬಾರಿ ‘ದುರಸ್ತಿ’ಯೂ ಮಾಡಿಸಿದ್ದೆ. ಮೊದಲ ವರ್ಷ ಹನಿ ಬಿದ್ದ ಜಾಗದ ನೇರ ಮೇಲಿನ ಹಂಚುಗಳನ್ನು ಬದಲಾಯಿಸಿದೆ. ಎರಡನೆಯ ವರ್ಷ ಮಾಡಿನ ನೆತ್ತಿಗೆ ಉದ್ದಕ್ಕೂ ಸಿಮೆಂಟು ಮೆತ್ತಿಸಿದೆ. ಮೂರನೆಯ ವರ್ಷ ಹಂಚಿನ ಮೇಲೆ ಡಾಂಬರಿನ ಹಾಳೆಯನ್ನು ಅಂಟಿಸಿದೆ. ಪ್ರತಿಸಲವೂ ಹನಿ ಒಂದಿಷ್ಟು ಕಾಲ ನಿಂತಂತೆ ತೋರಿ ಮತ್ತೆ ಬಿತ್ತು. ಕೊನೆಗೆ ಹಂಚು ತೆಗೆಸಿ ನೋಡಿದಾಗ, ಡಾಂಬರಿನ ಹಾಳೆಯ ಕೆಳಗೆ ಆರಲು ಗಾಳಿಯಿಲ್ಲದೆ ರೀಪುಗಳೂ ಮೂರು ಪಕಾಸಿಗಳೂ ಕೊಳೆತುಹೋಗಿದ್ದುವು. ಸೋರಿಕೆಗಿಂತ ನನ್ನ ದುರಸ್ತಿಯೇ ಮನೆಗೆ ಹೆಚ್ಚಿನ ಕೇಡು ಮಾಡಿತ್ತು.

ತಪ್ಪು ಎಲ್ಲಿತ್ತು? ಹನಿ ಬಿದ್ದ ಕಡೆಯೇ ನೀರು ಒಳಹೊಕ್ಕಿದೆ ಎಂದು ನಾನು ನಂಬಿದ್ದರಲ್ಲಿ. ಗ್ರಂಥಸಂಪಾದನೆಯ ಮೊದಲ ಪಾಠವೇ ಈ ನಂಬಿಕೆಗೆ ವಿರುದ್ಧವಾದುದು. ಓಲೆಯೊಂದರಲ್ಲಿ ಅಶುದ್ಧ ಪಾಠ ಕಂಡರೆ, ತಪ್ಪು ಆ ಓಲೆಯಲ್ಲೇ ಹುಟ್ಟಿತೆಂದು ತಿಳಿಯುವುದಿಲ್ಲ. ಅದರ ಮೂಲಪ್ರತಿ ಯಾವುದು, ಅದಕ್ಕೆ ಮೂಲ ಯಾವುದು ಎಂದು ಹಿಂದೆ ಹಿಂದೆ ಹೋಗುತ್ತೇವೆ. ನೀರಿನ ವಿಚಾರದಲ್ಲಿ ಈ ವಿವೇಕ ನನಗೆ ಬರಲಿಲ್ಲ.

ಸೋಜಿಗವೆಂದರೆ, ಬೇಕಾದ ವಿವೇಕವನ್ನು ನಮ್ಮ ಭಾಷೆಯೇ ಕೂಡಿಟ್ಟಿದೆ. ನೀರು ಮನೆಯೊಳಗೆ ಬರುವ ಬಗೆಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಮಾತುಗಳುಂಟು. ಒಂದೊಂದು ಮಾತೂ ಒಂದೊಂದು ರೋಗದ ಹೆಸರು. ‘ತೊಟ್ಟಿಕ್ಕುವುದು’ ಎಂದರೆ ಒಂದೇ ಜಾಗದಲ್ಲಿ ಹನಿ ಹನಿಯಾಗಿ ಬೀಳುವುದು. ಹಂಚು ಒಡೆದಿದೆ, ಇಲ್ಲವೆ ಸರಿದಿದೆ ಎಂದು ಊಹಿಸಬಹುದು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಇದೂ ನಿಲ್ಲುತ್ತದೆ. ‘ಒಸರುವುದು’ ಎಂದರೆ ಹನಿಯಿಲ್ಲದೆ ಮೈಯೆಲ್ಲ ತೇವವಾಗುವುದು. ಹಂಚು ಹಳೆಯದಾಗಿ ಅದರ ಮಣ್ಣೇ ನೀರು ಕುಡಿಯುತ್ತಿದೆ, ಅಥವಾ ಗೋಡೆಗೆ ನೀರು ಏರುತ್ತಿದೆ. ‘ಇರಚಲು’ ಎಂದರೆ ಗಾಳಿ ಹೊತ್ತು ತರುವ ತುಂತುರು. ಇದಕ್ಕೆ ಮಾಡು ಕಾರಣವಲ್ಲ, ದಿಕ್ಕು ಕಾರಣ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಜಗಲಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದಕ್ಕಾಗಿಯೇ. ‘ಬೆವರುವುದು’ ಮತ್ತೊಂದು, ತಗಡಿನ ಮಾಡು ತಣ್ಣಗಾದಾಗ ಒಳಗಿನ ಹಬೆಯೇ ಅದರ ಅಡಿಯಲ್ಲಿ ನೀರಾಗಿ ಕೂತು ಉದುರುತ್ತದೆ. ಹೊರಗೆ ಮಳೆಯೇ ಇಲ್ಲದಾಗ ‘ಸೋರುವ’ ಅಡುಗೆಮನೆಗಳ ರಹಸ್ಯ ಇದು. ಇನ್ನು ಮಳೆ ನಿಂತು ಗಂಟೆ ಕಳೆದರೂ ನಿಲ್ಲದ ಹನಿ ಇದ್ದರೆ, ಎಲ್ಲೋ ನೀರು ತಂಗಿ ನಿಂತಿದೆ ಎಂದು ತಿಳಿಯಬೇಕು. ನಮ್ಮ ಅಟ್ಟದ ಹನಿ ಈ ಜಾತಿಯದು. ಮಳೆ ನಿಂತ ಮೇಲೂ ಬೀಳುತ್ತಿದ್ದ ಹನಿಯನ್ನು ಮೂರು ವರ್ಷ ಕೇಳಿಯೂ ನಾನು ಅದರ ಅರ್ಥ ಮಾಡಲಿಲ್ಲ.

ಮಾಡಿನ ರಚನೆಯನ್ನು ಇಲ್ಲಿ ಸ್ವಲ್ಪ ತಿಳಿಸಬೇಕು. ನಮ್ಮ ಮನೆಯದು ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಇದರ ಕಾರ್ಖಾನೆಯನ್ನು ತೆರೆದರು. 1894ರಲ್ಲಿ ಕಿಟ್ಟೆಲ್ಲರ ನಿಘಂಟನ್ನು ಹೊರತಂದುದೂ ಅದೇ ಮಿಶನ್ನು. ಕನ್ನಡದ ಮಾತುಗಳಿಗೂ ಕನ್ನಡದ ಮನೆಗಳಿಗೂ ಹೊದಿಕೆ ಒಂದೇ ಊರಿನಿಂದ ಬಂದಿತೆನ್ನಬಹುದು. ಈ ಹಂಚಿನ ಅಡಿಯಲ್ಲಿ ಉಗುರಿನಂತಹ ಉಬ್ಬುಗಳಿದ್ದು ಅವು ರೀಪನ್ನು ಹಿಡಿದುಕೊಳ್ಳುತ್ತವೆ. ಅಂಚಿನ ಜಾಡುಗಳು ಪಕ್ಕದ ಹಂಚಿನ ಏಣಿಗೆ ಸಿಕ್ಕಿಕೊಳ್ಳುತ್ತವೆ. ಮೇಲಿನ ಸಾಲು ಕೆಳಗಿನ ಸಾಲನ್ನು ಹೊದೆಯುತ್ತದೆ. ಇಳಿಜಾರು ಸುಮಾರು 30 ಡಿಗ್ರಿ ಇದ್ದರೆ ನೀರು ಬೇಗ ಜಾರಿಹೋಗುತ್ತದೆ. ಜಾರಬೇಕಾದ ನೀರೇನು ಕಡಿಮೆಯಲ್ಲ. 100 ಚದರ ಮೀಟರಿನ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರು ಮಳೆ ಸುರಿಯಿತೆಂದರೆ 10,000 ಲೀಟರು ನೀರು ಇಳಿದುಹೋಗಬೇಕು. ಅದರಲ್ಲಿ ಒಂದು ಕೊಡದಷ್ಟು ದಾರಿ ತಪ್ಪಿದರೆ ಸಾಕು, ಅಟ್ಟ ತೊಯ್ಯುತ್ತದೆ.

ದಾರಿ ತಪ್ಪಿದ ನೀರು ಹೇಗೆ ನಡೆಯುತ್ತದೆ? ನೀರು ಕೆಳಕ್ಕೆ ಹರಿಯುತ್ತದೆ ಎಂಬುದು ಸತ್ಯ. ನೇರವಾಗಿ ಕೆಳಕ್ಕೆ ಬೀಳುತ್ತದೆ ಎಂಬುದು ಸತ್ಯವಲ್ಲ. ಮರದ ಅಡಿಮೈಗೆ ನೀರು ಅಂಟಿಕೊಂಡು ಇಳಿಜಾರಿನುದ್ದಕ್ಕೂ ಜಾರುತ್ತಾ ಹೋಗಿ, ಒಂದು ಗಂಟೋ ಮೊಳೆಯೋ ಅಡ್ಡ ಬಂದಾಗ ಹನಿಯಾಗಿ ಕಳಚುತ್ತದೆ. ಅಷ್ಟೇ ಅಲ್ಲ, ತೀರ ಕಿರಿದಾದ ಸಂದಿಯಲ್ಲಿ ನೀರು ಒಂದಿಷ್ಟು ಮೇಲಕ್ಕೂ ಏರಬಲ್ಲುದು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ. ಹಂಚಿನ ಜಾಡಿನಲ್ಲಿ ದೂಳು, ಹಾವಸೆ, ಕೊಳೆತ ಎಲೆ ತುಂಬಿದರೆ ಅವೇ ಬತ್ತಿಯಾಗುತ್ತವೆ. ಆಗ ಒಡೆಯದ ಹಂಚೂ ಸೋರುತ್ತದೆ.

ಈ ವಿದ್ಯೆಯನ್ನು ನನಗೆ ಕಲಿಸಿದುದು ಮನೆಯಲ್ಲ, ದೋಣಿ. ಆ ವರ್ಷದ ಮಳೆಗಾಲ ಕಳೆದ ಮೇಲೆ ಹೊನ್ನಾವರಕ್ಕೆ ಹೋಗಿದ್ದೆ. ಶರಾವತಿಯ ದಂಡೆಯಲ್ಲಿ ಹಳೆಯದೊಂದು ಮರದ ಯಂತ್ರದೋಣಿಯನ್ನು ಮೇಲಕ್ಕೆಳೆದು ರಿಪೇರಿ ಮಾಡುತ್ತಿದ್ದರು. ತಳದ ಹಲಗೆಗಳು ಗಟ್ಟಿಯಾಗಿದ್ದುವು. ಕೊಳೆತಿದ್ದುದು ಮೇಲಿನ ಅಟ್ಟಳೆಯ ಕೆಳಗಿನ ತೊಲೆಗಳು. ‘ಸದಾ ನೀರಿನಲ್ಲಿರುವ ತಳ ಗಟ್ಟಿ, ಮೇಲಿನದು ಹೇಗೆ ಕೊಳೆಯಿತು?’ ಎಂದು ಕೇಳಿದೆ. ಮುದುಕ ಬಡಗಿ ನಕ್ಕು, ಕಡಲ ನೀರಿಗಿಂತ ಮಳೆಯ ನೀರೇ ದೋಣಿಯನ್ನು ಬೇಗ ತಿನ್ನುವುದೆಂದು ಹೇಳಿದ. ಅವನ ಮಾತು ನಿಜ. ಮರವನ್ನು ಕೊಳೆಸುವುದು ಅಣಬೆಯ ಜಾತಿಯ ಜೀವಿಗಳು. ಅವಕ್ಕೆ ಉಪ್ಪು ಒಗ್ಗದು, ಸಿಹಿನೀರಿನ ತೇವ ಒಗ್ಗುತ್ತದೆ. ತೇವ ಮರದ ಒಣತೂಕದ ಶೇಕಡ 20ಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಅಂದರೆ ಸೋರಿದ ನೀರಿಗಿಂತ, ಸೋರಿ ಒಳಗೇ ಉಳಿದ ನೀರು ಹೆಚ್ಚಿನ ಶತ್ರು. ನನ್ನ ಡಾಂಬರಿನ ಹಾಳೆ ಮಾಡಿದ ಅನಾಹುತ ಅಲ್ಲಿ ನಿಂತಾಗ ಅರ್ಥವಾಯಿತು.

ಆ ಬಡಗಿ ಸೋರಿಕೆಯನ್ನು ಹುಡುಕುತ್ತಿದ್ದ ರೀತಿಯನ್ನೂ ನೋಡಿದೆ. ಒಬ್ಬ ಹುಡುಗ ಒಳಗೆ ಕುಳಿತಿದ್ದ. ಬಡಗಿ ಹೊರಗಿನಿಂದ ಕೊಡದಲ್ಲಿ ನೀರು ಸುರಿಯುತ್ತಿದ್ದ. ಆದರೆ ಮೇಲಿನಿಂದಲ್ಲ, ಕೆಳಗಿನಿಂದ. ಮೊದಲು ಕೆಳಗಿನ ಸಂದಿಗೆ ಸುರಿದು, ಕಾದು, ಒಳಗಿನವನು ‘ಇಲ್ಲ’ ಎಂದ ಮೇಲೆ ಅದರ ಮೇಲಿನ ಸಂದಿಗೆ. ಮೇಲಿನಿಂದ ಸುರಿದರೆ ಎಲ್ಲ ಸಂದಿಗಳೂ ಒಟ್ಟಿಗೆ ತೊಯ್ದು, ನೀರು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಕೆಳಗಿನಿಂದ ಏರುತ್ತಾ ಹೋದರೆ, ಒಳಗಿನವನು ‘ಬಂತು’ ಎಂದ ಕ್ಷಣ ಕಳ್ಳ ಸಿಕ್ಕಿಬೀಳುತ್ತಾನೆ.

ಕನ್ನಡದಲ್ಲಿ ‘ದೋಣಿ’ ಎಂದರೆ ನೀರಿನ ಮೇಲೆ ತೇಲುವುದೂ ಹೌದು, ನೀರನ್ನು ಸಾಗಿಸುವ ಕಾಲುವೆಯೂ ಹೌದು. ಎರಡು ಮಾಡುಗಳು ಕೂಡುವ ಕಡೆ ಹಾಕುವ ತಗಡಿನ ಓಣಿಯನ್ನು ನಮ್ಮಲ್ಲಿ ದೋಣಿಯೆಂದೇ ಕರೆಯುತ್ತೇವೆ. ಒಂದು ದೋಣಿ ಕಲಿಸಿದ ಪಾಠವನ್ನು ಇನ್ನೊಂದು ದೋಣಿಯ ಕೆಳಗೆ ಒಪ್ಪಿಸಬೇಕಾಯಿತು.

ಮುಂದಿನ ಮಳೆಗಾಲದಲ್ಲಿ ನಾನು ಏನನ್ನೂ ರಿಪೇರಿ ಮಾಡಿಸಲಿಲ್ಲ. ಕೊಳೆತ ಪಕಾಸಿಗಳಿಗೆ ಊರೆ ಕೊಟ್ಟು, ಪೆಟ್ಟಿಗೆಯನ್ನು ಬೇರೆಡೆಗೆ ಸಾಗಿಸಿ, ಸುಮ್ಮನೆ ನೋಡಿದೆ. ರೋಗ ತಿಳಿಯುವ ಕಾಲ ಬೇರೆ, ಮದ್ದು ಮಾಡುವ ಕಾಲ ಬೇರೆ. ಒಂದು ಪುಸ್ತಕದಲ್ಲಿ ದಿನ, ಮಳೆಯ ನಕ್ಷತ್ರ, ಗಾಳಿಯ ದಿಕ್ಕು, ಹನಿ ಬಿದ್ದ ಜಾಗ, ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ನಿಂತಿತು ಎಂಬುದನ್ನು ಬರೆದಿಟ್ಟೆ. ಪುನರ್ವಸು, ಪುಷ್ಯಗಳಲ್ಲಿ ಪಡುವಣ ಗಾಳಿಯೊಡನೆ ಬರುವ ಮಳೆಗೆ ಸೋರುವ ಮೂಲೆ ಒಂದು. ಹಿಂಗಾರಿನ ಗುಡುಗಿನ ಮಳೆಗೆ ಸೋರುವ ಮೂಲೆ ಇನ್ನೊಂದು. ತಿಥಿವಾರವಿಲ್ಲದೆ ‘ನಮ್ಮ ಮನೆ ಸೋರುತ್ತದೆ’ ಎನ್ನುವುದು ಕಾಲ ತಿಳಿಯದ ಶಾಸನದಂತೆ. ಅದರಿಂದ ಹೆಚ್ಚೇನೂ ಹೇಳಲಾಗದು.

ಮಳೆ ಬೀಳುತ್ತಿರುವಾಗಲೇ ಅಟ್ಟ ಹತ್ತಿ ತೊಲೆಗಳಿಗೆ ಸೀಮೆಸುಣ್ಣದ ಪುಡಿ ತೀಡಿದೆ. ನೀರು ಹರಿದ ಕಡೆ ಪುಡಿ ತೊಳೆದು ಒಂದು ಕಪ್ಪು ಗೆರೆ ಮೂಡಿತು. ಆ ಗೆರೆಯನ್ನು ಹಿಡಿದು ಹಿಂದಕ್ಕೆ ಹೋದರೆ, ಅದು ನೇರ ಮೇಲಿನ ಹಂಚಿಗೆ ಹೋಗದೆ ಅಡ್ಡತೊಲೆಯ ಉದ್ದಕ್ಕೂ ಸುಮಾರು 12 ಅಡಿ ಸಾಗಿ, ಅಡುಗೆಮನೆಯ ಮಾಡು ಕೂಡುವ ದೋಣಿಯ ಕೆಳಗೆ ಮುಗಿಯಿತು. ಹಲಸಿನ ಎಲೆಗಳು ದೋಣಿಯನ್ನು ಕಟ್ಟಿದ್ದುವು. ಜೋರು ಮಳೆಯಲ್ಲಿ ನೀರು ಅಲ್ಲಿ ತಂಗಿ, ತಗಡಿನ ಅಂಚನ್ನು ದಾಟಿ, ತೊಲೆಯ ತುದಿಗೆ ಇಳಿಯುತ್ತಿತ್ತು. ಭಾರಕ್ಕೆ ತೊಲೆ ನಡುವಿನಲ್ಲಿ ಎರಡು ಬೆರಳು ಬಾಗಿತ್ತು. ಆ ತಗ್ಗಿನಲ್ಲೊಂದು ಕಬ್ಬಿಣದ ಕೊಂಡಿ. ನಮ್ಮನ್ನೆಲ್ಲ ತೂಗಿದ ತೊಟ್ಟಿಲನ್ನು ಹಾಕುತ್ತಿದ್ದ ಕೊಂಡಿ ಅದು. ನೀರು ಅಲ್ಲಿಯವರೆಗೆ ನಡೆದುಬಂದು ಕೊಂಡಿಯ ತುದಿಯಿಂದ ಹನಿಯುತ್ತಿತ್ತು; ಅದರ ಕೆಳಗೇ ಕಡತದ ಪೆಟ್ಟಿಗೆ.

ಬೇಸಗೆಯಲ್ಲಿ ಕೊಡದ ಪರೀಕ್ಷೆಯನ್ನೂ ಮಾಡಿದೆವು. ಕೆಳಗಿನ ಸಾಲಿನಿಂದ ಮೇಲಕ್ಕೆ ಸುರಿಯುತ್ತಾ ಹೋದಾಗ ಹಂಚಿನ ಒಂದು ಸಾಲೂ ಸೋರಲಿಲ್ಲ. ಎಲೆ ತುಂಬಿದ ದೋಣಿಗೆ ನೀರು ಬಿಟ್ಟಾಗ ಒಳಗಿನಿಂದ ‘ಬಂತು’ ಎಂಬ ಕೂಗು ಕೇಳಿಸಿತು. ನಾನು ಮೂರು ವರ್ಷ ದುರಸ್ತಿ ಮಾಡಿಸಿದ್ದು ನಿರಪರಾಧಿಗಳನ್ನು!

ಮದ್ದು ಸರಳವಾಗಿತ್ತು. ಡಾಂಬರು ಹಾಳೆಯನ್ನು ಕಿತ್ತು, ಕೊಳೆತ ಮರವನ್ನು ಬದಲಾಯಿಸಿದೆವು. ಯಾವುದು ಕೊಳೆತಿದೆಯೆಂದು ಕಣ್ಣಿಗೆ ಕಾಣದು. ಚೂರಿಯ ಮೊನೆಯಿಂದ ಚುಚ್ಚಿದರೆ ತಿಳಿಯುತ್ತದೆ. ದೋಣಿಗೆ ಅಗಲವಾದ ಹೊಸ ತಗಡನ್ನು ಅಂಚು ಮಡಿಚಿ ಹಾಕಿ, ಎರಡು ಕಡೆಯ ಹಂಚುಗಳ ನಡುವೆ ಅಂಗೈಯಗಲ ಬಯಲು ಬಿಟ್ಟೆವು, ಎಲೆ ಜಾರಿಹೋಗಲೆಂದು. ನೆತ್ತಿಯ ಸಿಮೆಂಟು ಬಿರುಕುಬಿಟ್ಟಿತ್ತು. ಮರದ ಮಾಡು ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ಗಡುಸಾದ ಸಿಮೆಂಟು ಅದರೊಡನೆ ಬಳುಕಲಾರದು. ಅದನ್ನು ತೆಗೆದು ಸುಣ್ಣದ ಗಾರೆ ಹಾಕಿದೆವು. ಹಳೆಯ ಹಂಚುಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಕಂಚಿನ ದನಿಯವನ್ನು ಉಳಿಸಿ, ಒಡಕು ದನಿಯವನ್ನು ಬಿಟ್ಟೆವು. ಜಾಡುಗಳನ್ನು ತೆಂಗಿನ ನಾರಿನಿಂದ ಉಜ್ಜಿದೆವು. ಮಾಡು ಹತ್ತುವವರಿಗೆ ಒಂದು ಎಚ್ಚರಿಕೆ: ಹಾವಸೆ ಜಾರುವ ಮಳೆಯಲ್ಲಿ ಹತ್ತಬೇಡಿ; ಒಣಗಿದಾಗಲೂ ಹಂಚಿನ ನಡುವೆ ಕಾಲಿಡದೆ, ಕೆಳಗೆ ರೀಪು ಇರುವ ಕಡೆ ಹಲಗೆ ಹಾಸಿ ನಡೆಯಿರಿ. ಹಂಚು ಒಡೆಯುವ ಕೆಲಸಕ್ಕೆ ಮಲೆನಾಡಿನಲ್ಲಿ ಮಂಗಗಳು ಸಾಕು.

ಇವೆಲ್ಲದರ ಹಿಂದೆ ಇರುವ ಸೂತ್ರ ಒಂದೇ. ಮೆತ್ತಿದುದು ಒಂದು ದಿನ ಬಿಡುತ್ತದೆ. ಮೇಲಿನದು ಕೆಳಗಿನದನ್ನು ಹೊದ್ದಿದ್ದರೆ ಬಿಡುವುದಿಲ್ಲ. ಐಹೊಳೆಯ ಲಾಡ್‌ಖಾನ್ ಗುಡಿಯನ್ನು ನೋಡಿದವರು ನೆನಪು ಮಾಡಿಕೊಳ್ಳಿ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಕೂಡುಗಳ ಮೇಲೆ ಮರದ ದಿಮ್ಮಿಯಂತಹ ಉದ್ದನೆಯ ಕಲ್ಲುಗಳನ್ನು ಮುಚ್ಚಿದ್ದಾರೆ. ನಮ್ಮ ಹಂಚೂ ಅದನ್ನೇ ಮಾಡುತ್ತದೆ, ದೋಣಿಯ ತಗಡೂ ಅದನ್ನೇ ಮಾಡಬೇಕು.

ಪಟ್ಟಣದ ಕೇಳುಗರು ‘ನಮ್ಮದು ತಾರಸಿ ಮನೆ, ನಮಗೇಕೆ ಈ ಹಂಚಿನ ಪುರಾಣ?’ ಎನ್ನಬಹುದು. ತಾರಸಿಯೂ ಇದೇ ಶಾಲೆಯ ವಿದ್ಯಾರ್ಥಿ. ಕೋಣೆಯ ನಡುವೆ ಕಾಣುವ ಒದ್ದೆಯ ಮಚ್ಚೆಗೆ ಕಾರಣ, ದೂರದ ಕೈಪಿಡಿಗೋಡೆಯ ಬುಡದ ಬಿರುಕಾಗಿರಬಹುದು, ನೀರು ಹೊರಹೋಗುವ ಕೊಳವೆಯ ಬಾಯಿಯಾಗಿರಬಹುದು. ನೀರು ಮೇಲ್ಗಾರೆಯ ಕೆಳಗೇ ಹರಿದು ತನಗೆ ಬೇಕಾದ ಕಡೆ ಇಳಿಯುತ್ತದೆ. ಒಳಗಿನ ಮಚ್ಚೆಗೆ ಬಣ್ಣ ಬಳಿಯುವುದು, ನಾನು ಹಂಚಿಗೆ ಡಾಂಬರು ಅಂಟಿಸಿದಂತೆ. ಮೊದಲು ಇಳಿಜಾರು ನೋಡಿ, ಕೊಳವೆಯ ಬಾಯಿ ನೋಡಿ. ಕೆಳಗಿನ ಕಡೆಯಿಂದ ಒಂದೊಂದೇ ಭಾಗವನ್ನು ತೋಯಿಸಿ ಕಾಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಮತ್ತೆ ಸೋರಿದಾಗ ನಾಲ್ಕನ್ನೂ ಮಾಡಬೇಕಾಗುತ್ತದೆ.

ಕೊನೆಯದಾಗಿ ಒಂದು ಮಾತು. ಉಳವಿಯ ಸುತ್ತಲಿನ ನೆಲ ಶಾಸನಗಳ ನೆಲ. ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವೆಯುಂಟು, ತಾಳಗುಂದವುಂಟು. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಅಚ್ಚು ಹಾಕಿಸಿದರು. ಅಂದಿನವರು ಗುಡಿಗೆ ದತ್ತಿ ಬಿಡುವಾಗ ದೇವರ ಪೂಜೆಗೆ, ತಪಸ್ವಿಗಳ ಊಟಕ್ಕೆ ಎಂದು ಬರೆಸಿದಂತೆಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂದೂ ಬರೆಸುತ್ತಿದ್ದರು. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದಕ್ಕೆಂದು ಆ ಮಾತಿನ ಅರ್ಥ. ಎಷ್ಟೋ ಬಾರಿ ಓದಿ, ಎಷ್ಟೋ ಬಾರಿ ಪಾಠ ಹೇಳಿ, ರೂಢಿಯ ಮಾತೆಂದು ದಾಟಿಹೋದ ನುಡಿ ಅದು. ಕಟ್ಟಿದ ದಿನವೇ ಅದು ಬಿರಿಯುವ ದಿನವನ್ನೂ ಎಣಿಸಿ, ಅದಕ್ಕೆಂದು ಗದ್ದೆಯನ್ನು ಬಿಟ್ಟವರ ಮುಂದಾಲೋಚನೆ ಆ ರೂಢಿಯಲ್ಲಿದೆ.

ನಾನು ಗದ್ದೆಯನ್ನೇನೂ ಬಿಟ್ಟಿಲ್ಲ. ವರ್ಷದಲ್ಲಿ ಎರಡು ದಿನಗಳನ್ನು ಬಿಟ್ಟಿದ್ದೇನೆ: ಮೃಗಶಿರೆ ಹುಟ್ಟುವ ಮೊದಲು ಒಂದು ದಿನ, ಆಶ್ಲೇಷೆಯ ಹೊತ್ತಿಗೆ ಬಿಡುವು ಕೊಟ್ಟಾಗ ಒಂದು ದಿನ. ಆ ದಿನಗಳಲ್ಲಿ ಉಳವಿಗೆ ಹೋಗಿ ದೋಣಿಯ ಎಲೆ ತೆಗೆಸುತ್ತೇನೆ, ಅಟ್ಟ ಹತ್ತಿ ತೊಲೆಯನ್ನು ಮುಟ್ಟಿ ನೋಡುತ್ತೇನೆ, ಪುಸ್ತಕದಲ್ಲಿ ಬರೆಯುತ್ತೇನೆ. ಕಡತದ ಉಳಿದ ಮಡಿಕೆಗಳನ್ನು ಪ್ರತಿಮಾಡಿ ಮುಗಿಸಿದ್ದೇನೆ. ಅಳಿಸಿಹೋದ ನಾಲ್ಕು ಮಡಿಕೆಗಳ ಜಾಗದಲ್ಲಿ ಹಾಳೆಯನ್ನು ಖಾಲಿ ಬಿಟ್ಟು, ‘ಇಲ್ಲಿ ಗ್ರಂಥಪಾತ’ ಎಂದು ಬರೆದು, ಕೆಳಗೆ ಕಾರಣವನ್ನೂ ನಮೂದಿಸಿದ್ದೇನೆ. ಸಂಪಾದಕನಾದವನು ಅಷ್ಟನ್ನಾದರೂ ಮಾಡಬೇಕು.

(ಬಾನುಲಿ ಭಾಷಣ)